‘ಅನುಮತಿ ಇಲ್ಲ’ ಅಂದವರು ಬರೆದು ಕೊಟ್ಟರಾ?

ನಮ್ಮ ಕಡೆ ನಿಷೇಧಾಜ್ಞೆ ಅಂದರೆ ಮೊದಲು ನೆನಪಾಗುವುದು ಝೆರಾಕ್ಸ್ ಅಂಗಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂತೆಂದರೆ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಝೆರಾಕ್ಸ್ ಬಂದ್. ರಾಯಚೂರಿನ ಮಾರ್ಚ್ ಬಿಸಿಲಿನಲ್ಲಿ ನಮ್ಮ ಓಣಿ ಮೂಲೆಯ ಅಂಗಡಿಯವನು ಶಟರ್ ಅರ್ಧ ಇಳಿಸಿ, ಒಳಗೆ ಫ್ಯಾನ್ ಹಾಕಿಕೊಂಡು ಕೂತಿರುತ್ತಾನೆ. ಕೇಳಿದರೆ, “ಇವತ್ತು ಒನ್ ಫಾರ್ಟಿಫೋರ್ ಐತ್ರಿ ಅಣ್ಣಾರ, ನಾಳೆ ಬರ್ರಿ” ಅನ್ನುತ್ತಾನೆ. ಆ ನಂಬರು ಈಗ ಇಲ್ಲ. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, 144 ಹೋಗಿ 163 ಆಗಿದೆ. ಬಾಯಿಗೆ ಮಾತ್ರ ಇನ್ನೂ ಬಂದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆ ಕಡೆಯವರಿಗೆ ಇದೇ ಕಲಂ ಇನ್ನೊಂದು ವೇಷದಲ್ಲಿ ಗೊತ್ತು. ಕೊನೆಭಾಗಕ್ಕೆ ನೀರು ಮುಟ್ಟಲಿ ಅಂತ ಡಿಸಿ ಸಾಹೇಬರು ಕಾಲುವೆ ದಂಡೆಗೆ ನಿಷೇಧಾಜ್ಞೆ ಹಾಕುತ್ತಾರೆ, ಅಕ್ರಮವಾಗಿ ಇಟ್ಟ ಪಂಪ್‌ಸೆಟ್‌ಗಳನ್ನು ಎತ್ತಿಸುತ್ತಾರೆ. ಪರೀಕ್ಷೆಗೂ ಅದೇ, ನೀರಿಗೂ ಅದೇ, ಗಲಾಟೆಗೂ ಅದೇ. ಹೀಗೆ ರೂಢಿಯಾಗಿ ರೂಢಿಯಾಗಿ, ನಾಲ್ಕು ಜನ ಸೇರಬೇಕಾದರೆ ಸರ್ಕಾರವನ್ನು ಕೇಳಲೇಬೇಕು, ಸರ್ಕಾರ ಬೇಡ ಅಂದರೆ ಮುಗಿಯಿತು ಎಂದು ನಾವೇ ನಂಬಿಬಿಟ್ಟಿದ್ದೇವೆ. ಕಾನೂನು ಹಾಗೆ ಹೇಳುವುದಿಲ್ಲ. ಅದು ಏನು ಹೇಳುತ್ತದೆ, ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಏನು ನಡೆಯುತ್ತದೆ, ಇವೆರಡರ ನಡುವೆ ಎಷ್ಟು ದೂರ ಇದೆ ಅನ್ನುವುದನ್ನು ನಾನು ಒಂದು ಅರ್ಜಿ ಹಿಡಿದು ಓಡಾಡಿದಾಗ ಕಂಡೆ.

ನಮ್ಮ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ಅದೂ ನಿಂತಿತು. ಹೆಣ್ಣುಮಕ್ಕಳೇ ಮುಂದೆ ನಿಂತು, ಖಾಲಿ ಕೊಡ ಹಿಡಿದು ಕಚೇರಿ ಮುಂದೆ ಅರ್ಧ ದಿನ ಧರಣಿ ಕೂರೋಣ ಅಂದರು. ಅರ್ಜಿ ಬರೆಯುವ ಕೆಲಸ ನನಗೆ ಬಿತ್ತು. ಠಾಣೆಗೆ ಹೋದೆವು. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ನೀರು ಕೊಟ್ಟರು. ನೀರು ಕೊಟ್ಟಿದ್ದು ನೋಡಿ ನಮ್ಮ ಜೊತೆ ಬಂದಿದ್ದ ಎದುರುಮನೆ ದೊಡ್ಡಮ್ಮ, “ಇಲ್ಲಿ ಬರ್ತೈತಲ್ಲಪ್ಪ!” ಅಂದರು. ಎಲ್ಲರೂ ನಕ್ಕರು. ಅರ್ಜಿಯ ಮಾತು ಬಂದಾಗ ಮಾತ್ರ, “ಇಟ್ಟು ಹೋಗ್ರಿ, ಸಾಹೇಬ್ರು ಬಂದ ಮ್ಯಾಲ ನೋಡೋಣು.” ಸ್ವೀಕೃತಿ ಕೊಡಿ ಅಂದೆ. “ಅದೆಲ್ಲಾ ಯಾಕ್ರಿ, ನಂಬಿಕಿ ಇಲ್ಲೇನು?” ಮೂರು ದಿನ ಕಳೆಯಿತು. ಧರಣಿಯ ಹಿಂದಿನ ರಾತ್ರಿ ಫೋನ್ ಬಂತು, ಅನುಮತಿ ಇಲ್ಲ, ಸುಮ್ನೆ ತೊಂದರೆ ಮಾಡಿಕೊಳ್ಳಬೇಡಿ ಅಂತ. ಯಾಕೆ ಇಲ್ಲ? ಅದಕ್ಕೆ ಉತ್ತರ ಇಲ್ಲ. ಬರೆದು ಕೊಡ್ತೀರಾ? ಅದಕ್ಕೂ ಇಲ್ಲ.

ಈಗ ಕಾನೂನಿಗೆ ಬರೋಣ.

ಸಂವಿಧಾನದ 19ನೇ ವಿಧಿ, 1ನೇ ಖಂಡದ ‘ಬಿ’ ಭಾಗ: ಶಾಂತವಾಗಿ, ಆಯುಧ ಇಲ್ಲದೆ ಸಭೆ ಸೇರುವ ಹಕ್ಕು. ಅದೇ ವಿಧಿಯ 3ನೇ ಖಂಡ: ದೇಶದ ಸಾರ್ವಭೌಮತೆ, ಅಖಂಡತೆ ಅಥವಾ ಸಾರ್ವಜನಿಕ ಸುವ್ಯವಸ್ಥೆಗಾಗಿ ಸಮಂಜಸವಾದ ನಿರ್ಬಂಧ ಹಾಕಬಹುದು, ಆದರೆ ‘ಕಾನೂನಿನ’ ಮೂಲಕ. ಈ ಒಂದು ಪದದ ಮೇಲೆ ಎಷ್ಟು ನಿಂತಿದೆ ಅನ್ನುವುದು ಹೋದ ವರ್ಷ ನಮ್ಮ ರಾಜ್ಯದಲ್ಲೇ ಗೊತ್ತಾಯಿತು. 2025ರ ಅಕ್ಟೋಬರ್ 18ರಂದು ಸರ್ಕಾರ ಒಂದು ಆದೇಶ ಹೊರಡಿಸಿತು. ರಸ್ತೆ, ಪಾರ್ಕ್, ಮೈದಾನದಂಥ ಸರ್ಕಾರಿ ಜಾಗದಲ್ಲಿ 10ಕ್ಕಿಂತ ಹೆಚ್ಚು ಜನ ಮೆರವಣಿಗೆಗೋ ಸಭೆಗೋ ಸೇರಬೇಕಾದರೆ ಮೊದಲೇ ಅನುಮತಿ ಬೇಕು, ಇಲ್ಲದಿದ್ದರೆ ಅದು ಅಕ್ರಮ ಕೂಟ. ಆಗ ಚರ್ಚೆ ಎಲ್ಲಾ ಆರೆಸ್ಸೆಸ್ ಪಥಸಂಚಲನದ ಸುತ್ತವೇ ತಿರುಗಿತು. ಪರ ಇದ್ದವರು, ವಿರೋಧ ಇದ್ದವರು ಇಬ್ಬರೂ ಅದನ್ನು ಒಂದು ಸಂಘಟನೆಯ ಪ್ರಶ್ನೆ ಮಾಡಿಬಿಟ್ಟರು. ನನಗೆ ಕಂಡಿದ್ದು ಬೇರೆ. ಹತ್ತು ಜನ ಅಂದರೆ ನಮ್ಮ ಕೊಡದ ಧರಣಿ. ಹತ್ತು ಜನ ಅಂದರೆ ಸಂಬಳ ಬಾರದ ಪೌರಕಾರ್ಮಿಕರು, ಬಸ್ ನಿಲ್ಲಿಸಿ ಅಂತ ಕೇಳುವ ಕಾಲೇಜು ಹುಡುಗಿಯರು. ಯಾರನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರೆದ ಆದೇಶ ಕೊನೆಗೆ ಯಾರ ಮೇಲೆ ಬೀಳುತ್ತದೆ ಅನ್ನುವುದು ಠಾಣೆಯಲ್ಲಿ ಕೂತವರಿಗೆ ಬಿಟ್ಟಿದ್ದು, ಅಲ್ವಾ?

ಹೈಕೋರ್ಟಿನ ಧಾರವಾಡ ಪೀಠ ಅಕ್ಟೋಬರ್ 28ಕ್ಕೆ ಇದಕ್ಕೆ ತಡೆ ಕೊಟ್ಟಿತು. ಕಾನೂನೇ ಇಲ್ಲದೆ ಬರೀ ಸರ್ಕಾರಿ ಆದೇಶದಿಂದ ಮೂಲಭೂತ ಹಕ್ಕನ್ನು ಮೊಟಕುಗೊಳಿಸಲು ಬರುವುದಿಲ್ಲ ಅನ್ನುವುದು ಮೇಲ್ನೋಟಕ್ಕೆ ನ್ಯಾಯಾಲಯಕ್ಕೆ ಕಂಡ ವಿಷಯ. ಸರ್ಕಾರ ಮೇಲ್ಮನವಿ ಹೋಯಿತು, ನವೆಂಬರ್ 6ರಂದು ವಿಭಾಗೀಯ ಪೀಠ ಅದನ್ನು ವಜಾ ಮಾಡಿತು.

ಹಾಗಂತ ಅನುಮತಿ ಕೇಳುವುದೇ ಬೇಡ ಅಂತ ತಿಳಿಯಬೇಡಿ. ಕಾನೂನು ಇದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಸಭೆ, ಮೆರವಣಿಗೆಗಳ ದಾರಿ, ಸಮಯ, ಶಿಸ್ತಿನ ಬಗ್ಗೆ ನಿಯಮ ಮಾಡುವ ಅಧಿಕಾರ ಇದೆ. ಬೆಂಗಳೂರಿನಲ್ಲಿ ಅದನ್ನು ಪೊಲೀಸ್ ಕಮಿಷನರ್ ಚಲಾಯಿಸುತ್ತಾರೆ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಕಮಿಷನರೇಟ್ ಇಲ್ಲ. ಇಲ್ಲಿ ಎಸ್‌ಪಿ ಇದ್ದಾರೆ, ಮ್ಯಾಜಿಸ್ಟ್ರೇಟ್ ಅಧಿಕಾರ ಡಿಸಿ, ಎಸಿ, ತಹಶೀಲ್ದಾರರ ಕೈಯಲ್ಲಿದೆ. ಅಂದರೆ ನೀರು ಬಿಡುವ ವ್ಯವಸ್ಥೆ ನೋಡಬೇಕಾದವರು, ನೀರು ಬಿಡಿ ಅಂತ ಕೂತವರನ್ನು ಏಳಿಸುವವರು ಹೆಚ್ಚುಕಡಿಮೆ ಒಂದೇ ಕಟ್ಟಡದಲ್ಲಿರುತ್ತಾರೆ. ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಒಂದೇ ಅನ್ನುವ ಆದೇಶ 2021ರದ್ದು, ಅದು ಆ ನಗರಕ್ಕೆ ಮಾತ್ರ. ಇಲ್ಲಿ ಯಾರಾದರೂ “ಪ್ರತಿಭಟನೆಗೆ ಜಾಗ ಬೇರೆ ಇದೆ, ಇಲ್ಲಿ ಕೂರಂಗಿಲ್ಲ” ಅಂದರೆ, ಹಾಗೆ ಹೇಳುವ ಆದೇಶ ಯಾವುದು, ಯಾವತ್ತಿನದು ಅಂತ ಕೇಳುವುದು ತಪ್ಪಲ್ಲ.

ಅನುಮತಿ ಅಂದರೆ ಏನು ಅನ್ನುವುದನ್ನು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಹಿಮ್ಮತ್‌ಲಾಲ್ ಶಾ ಅನ್ನುವವರು ಅಹಮದಾಬಾದ್ ಪೊಲೀಸ್ ಕಮಿಷನರ್ ವಿರುದ್ಧ ಹೋದ ಪ್ರಕರಣ. ಬೀದಿಯಲ್ಲಿ ಸಭೆಗೆ ಅನುಮತಿ ಕೇಳಿದ್ದರು, ನಿರಾಕರಿಸಿದ್ದರು. ಸಂವಿಧಾನ ಪೀಠ ಏನು ಹೇಳಿತೆಂದರೆ, ಸಾರ್ವಜನಿಕ ಬೀದಿಯಲ್ಲಿ ಸಭೆಯನ್ನು ನಿಯಂತ್ರಿಸಬಹುದು, ಮೊದಲೇ ಅನುಮತಿ ತಗೊಳ್ಳಿ ಅಂತ ಹೇಳಬಹುದು, ಆದರೆ ಯಾವ ಆಧಾರದ ಮೇಲೆ ಬೇಡ ಅನ್ನಬೇಕು ಎಂದು ಹೇಳದೆ, ಕೊಡುವುದು ಬಿಡುವುದನ್ನು ಪೂರ್ತಿ ಅಧಿಕಾರಿಯ ಇಷ್ಟಕ್ಕೆ ಬಿಟ್ಟ ನಿಯಮ ನಿಲ್ಲುವುದಿಲ್ಲ. ಆ ನಿಯಮವನ್ನು ರದ್ದು ಮಾಡಿತು. ಎಲ್ಲಿ, ಎಷ್ಟೊತ್ತಿಗೆ, ಯಾವ ದಾರಿಯಲ್ಲಿ ಅಂತ ಪೊಲೀಸರು ಚೌಕಾಸಿ ಮಾಡಬಹುದು. ಮಾಡಲೇಬಾರದು ಅನ್ನಬೇಕಾದರೆ ಕಾರಣ ಬೇಕು, ಅದು ಕಾಗದದ ಮೇಲೆ ಬೇಕು.

ಚೌಕಾಸಿ ಹೇಗಿರುತ್ತದೆ ಅನ್ನುವುದಕ್ಕೆ ಕಲಬುರಗಿ ಜಿಲ್ಲೆಯ ಚಿತ್ತಾಪುರದ್ದೇ ಉದಾಹರಣೆ. ಆರೆಸ್ಸೆಸ್ ಪಥಸಂಚಲನಕ್ಕೆ ಮೊದಲು ಅನುಮತಿ ಸಿಗಲಿಲ್ಲ, ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು, ಮಾತುಕತೆ ಆಯಿತು, ಕೊನೆಗೆ 2025ರ ನವೆಂಬರ್ 16ರಂದು 300 ಜನ, ಜೊತೆಗೆ 50 ಜನರ ಬ್ಯಾಂಡ್ ಅನ್ನುವ ಲೆಕ್ಕದಲ್ಲಿ ನಡೆಯಿತು. ಸಂಖ್ಯೆ, ದಿನ, ಸಮಯ, ದಾರಿ. ಜಗಳ ಇಷ್ಟಕ್ಕೇ ಇಳಿಯಿತು, ಇಳಿಯಬೇಕಾಗಿದ್ದೂ ಇಷ್ಟಕ್ಕೇ. ಆದರೆ ದೊಡ್ಡ ಸಂಘಟನೆಗೆ ವಕೀಲರು ಸಿಗುತ್ತಾರೆ. ಕೊಡದ ಹೆಣ್ಣುಮಕ್ಕಳು ಕಲಬುರಗಿ ಬಸ್ ಹತ್ತುತ್ತಾರಾ? ರಾಯಚೂರಿನವರಿಗೆ ಕಲಬುರಗಿ ಪೀಠ, ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಧಾರವಾಡ ಪೀಠ. ಹೋಗಿ ಬರುವ ಬಸ್ ಚಾರ್ಜು, ವಕೀಲರ ಫೀಸು, ಒಂದು ದಿನದ ಕೂಲಿ ಲೆಕ್ಕ ಹಾಕಿದರೆ ನೀರಿನ ಟ್ಯಾಂಕರ್ ತರಿಸುವುದೇ ಅಗ್ಗ. ಬರೆದು ಕೊಡದ ‘ಇಲ್ಲ’ಕ್ಕೆ ಇಷ್ಟು ಬಲ ಬಂದಿರುವುದೇ ಇದರಿಂದ. ಆದೇಶ ಇದ್ದರೆ ತಾನೆ ಪ್ರಶ್ನೆ ಮಾಡುವುದು?

163ರ ಕಥೆಗೆ ವಾಪಸ್ ಬರುತ್ತೇನೆ. ಅದು ತುರ್ತು ಔಷಧಿ. ಒಂದು ಆದೇಶ ಎರಡು ತಿಂಗಳಿಗಿಂತ ಜಾಸ್ತಿ ನಡೆಯುವುದಿಲ್ಲ, ರಾಜ್ಯ ಸರ್ಕಾರ ಬೇಕಾದರೆ ಇನ್ನು ಆರು ತಿಂಗಳವರೆಗೆ ಮುಂದುವರಿಸಬಹುದು. ಆದೇಶದಿಂದ ತೊಂದರೆ ಆದವರು ಅದೇ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ರದ್ದು ಮಾಡಿ, ಬದಲಿಸಿ ಅಂತ ಕೇಳಬಹುದು. ಅವರು ಬೇಗ ಕರೆದು ಮಾತು ಕೇಳಬೇಕು, ಒಪ್ಪದಿದ್ದರೆ ಯಾಕೆ ಅಂತ ಬರೆಯಬೇಕು. ಈ ಭಾಗವನ್ನು ನಮ್ಮ ಕಡೆ ಯಾರೂ ಬಳಸಿದ್ದನ್ನು ನಾನು ನೋಡಿಲ್ಲ. ಇದಕ್ಕೆ ಹೈಕೋರ್ಟೂ ಬೇಡ, ಬಸ್ ಚಾರ್ಜೂ ಬೇಡ. 2020ರ ಜನವರಿ 10ರಂದು, ಕಾಶ್ಮೀರದ ನಿರ್ಬಂಧಗಳ ವಿರುದ್ಧ ಪತ್ರಕರ್ತೆ ಅನುರಾಧಾ ಭಾಸಿನ್ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳಿತು: ಭಿನ್ನಾಭಿಪ್ರಾಯ ಅಡಗಿಸಲು ಈ ಕಲಂ ಬಳಸಬಾರದು, ಆದೇಶದಲ್ಲಿ ಸಂಗತಿಗಳನ್ನು ಬರೆಯಬೇಕು, ಆದೇಶವನ್ನು ಪ್ರಕಟಿಸಬೇಕು. ಅದಾಗಿ ಒಂದು ತಿಂಗಳಿಗೆ ನಮ್ಮ ಹೈಕೋರ್ಟ್, 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಗಳ ಹೊತ್ತಿನಲ್ಲಿ ಹಾಕಿದ್ದ ನಿಷೇಧಾಜ್ಞೆ ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು. ಅಷ್ಟೊತ್ತಿಗೆ ಆ ಆದೇಶದ ಅವಧಿ ಯಾವಾಗಲೋ ಮುಗಿದಿತ್ತು ಅನ್ನುವುದು ಬೇರೆ ಮಾತು.

ಇನ್ನೊಂದು ತಪ್ಪು ತಿಳಿವಳಿಕೆ ಐದು ಜನರದ್ದು. ಐದು ಜನ ಸೇರಿದರೆ ಅಕ್ರಮ ಕೂಟ ಅಂತ ಅನ್ನುತ್ತಾರೆ. ಹಳೇ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 189ನೇ ಕಲಂ ಪ್ರಕಾರ ಐದು ಅಥವಾ ಹೆಚ್ಚು ಜನ ಇದ್ದು, ಅವರ ಉದ್ದೇಶವೇ ಬಲಪ್ರಯೋಗ, ಅಪರಾಧ, ಕಾನೂನು ಜಾರಿಗೆ ತಡೆ, ಇಂಥದ್ದಾಗಿದ್ದರೆ ಮಾತ್ರ ಅದು ಅಕ್ರಮ ಕೂಟ. ಇಲ್ಲದಿದ್ದರೆ ನಮ್ಮ ಊರಿನ ಪ್ರತಿ ಚಹಾದಂಗಡಿಯೂ ಅಕ್ರಮ ಕೂಟವೇ ಆಗಬೇಕಿತ್ತು.

ಹಾಗಾದರೆ ಕೇಸ್ ಯಾವುದಕ್ಕೆ ಬೀಳುತ್ತದೆ? ಹೆಚ್ಚಾಗಿ ರಸ್ತೆಗೆ. ಇಲ್ಲಿ ನನ್ನ ಮಾತು ಹೋರಾಟಗಾರ ಗೆಳೆಯರಿಗೆ ಇಷ್ಟ ಆಗಲಿಕ್ಕಿಲ್ಲ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ ಕಾರ್ಖಾನೆಗೆ ಜಮೀನು ಕೊಟ್ಟ ರೈತರು ನ್ಯಾಯವಾದ ಬೆಲೆಗಾಗಿ 2022ರ ಡಿಸೆಂಬರ್‌ನಲ್ಲಿ ಕೂತವರು ವರ್ಷಗಟ್ಟಲೆ ಕೂತರು. ಈ ಟೆಂಟುಗಳು ಇಷ್ಟು ದಿನ ಉಳಿದಿದ್ದು ಯಾಕೆ? ದಾರಿ ಬಿಟ್ಟು ಕೂತಿದ್ದರು, ಬಸ್ ನಿಲ್ಲಲಿಲ್ಲ, ಅಂಬುಲೆನ್ಸ್ ನಿಲ್ಲಲಿಲ್ಲ. ದೆಹಲಿಯ ಶಹೀನ್‌ಬಾಗ್ ರಸ್ತೆ ಧರಣಿಯ ಪ್ರಕರಣದಲ್ಲಿ 2020ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ, ಪ್ರತಿಭಟನೆ ಹಕ್ಕು ಹೌದು, ಸಾರ್ವಜನಿಕ ದಾರಿಯನ್ನು ದಿನಗಟ್ಟಲೆ ಹಿಡಿದು ಕೂರುವಂತಿಲ್ಲ. ಅದೇ, ರಸ್ತೆಗೆ ಅಡ್ಡ ಟ್ರ್ಯಾಕ್ಟರ್ ನಿಲ್ಲಿಸಿದ ಕಡೆ ಎರಡು ತಾಸಿಗೆ ಎಫ್‌ಐಆರ್. ಆದರೆ ಪೂರ್ತಿ ಸತ್ಯ ಹೇಳಬೇಕೆಂದರೆ, ಸಾವಿರ ದಿನ ಶಾಂತವಾಗಿ ಕೂತವರ ಕಡೆ ತಿರುಗಿ ನೋಡದ ಸರ್ಕಾರ ಎರಡು ತಾಸು ರಸ್ತೆ ತಡೆದರೆ ಸಚಿವರನ್ನೇ ಕಳಿಸುತ್ತದೆ. ರೈತನಿಗೆ ಆ ಲೆಕ್ಕ ಚೆನ್ನಾಗಿ ಗೊತ್ತು. ಕಾನೂನು ಪಾಲಿಸು ಅಂತ ಬರೀ ಅವನಿಗೆ ಹೇಳುವುದು ಹೇಗೆ?

ಬಂದ್ ಕೂಡ ಹೀಗೇ ಗೋಜಲು. 2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೇ ಬೀದಿಗಿಳಿದಿದ್ದರು. ಕೇರಳ ಹೈಕೋರ್ಟ್ 1997ರಲ್ಲಿ ಬಂದ್ ಕರೆಯೇ ಅಸಾಂವಿಧಾನಿಕ ಅಂದಿತ್ತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒತ್ತಾಯದಿಂದ ಅಂಗಡಿ ಮುಚ್ಚಿಸುವುದು ತಪ್ಪು ಅನ್ನುವುದು ಅದರ ತಿರುಳು. ತಾನಾಗಿ ಶಟರ್ ಎಳೆದರೆ ಅದು ಅಂಗಡಿಯವನ ಇಷ್ಟ. ಎರಡಕ್ಕೂ ನಾವು ಬಂದ್ ಅಂತಲೇ ಅನ್ನುತ್ತೇವೆ.

ರಸ್ತೆ ತಡೆದವರಿಗೆ ಬೀಳುವ ಕಲಂಗಳು ನೋಡಿದರೆ ಸಣ್ಣವು. ಸಾರ್ವಜನಿಕ ದಾರಿಗೆ ಅಡ್ಡಿಗೆ ನ್ಯಾಯ ಸಂಹಿತೆಯ 285, ದಂಡ 5,000 ರೂಪಾಯಿವರೆಗೆ. ಅಧಿಕಾರಿಯ ಆದೇಶ ಮೀರಿದ್ದಕ್ಕೆ 223, ಆರು ತಿಂಗಳವರೆಗೆ ಸಾದಾ ಶಿಕ್ಷೆ ಅಥವಾ 2,500 ರೂಪಾಯಿ ದಂಡ, ಅಥವಾ ಎರಡೂ. ಜೀವಕ್ಕೆ ಅಪಾಯವೋ ದೊಂಬಿಯೋ ಆಗುವ ಹಾಗಿದ್ದರೆ ಒಂದು ವರ್ಷ, 5,000. ಎಲ್ಲಾ ಜಾಮೀನು ಸಿಗುವಂಥವೇ. ರೈಲು ತಡೆದರೆ ಮಾತ್ರ ಬೇರೆ, 1989ರ ರೈಲ್ವೆ ಕಾಯ್ದೆಯ 174ನೇ ಕಲಂ, ಎರಡು ವರ್ಷದವರೆಗೆ. ಇಲ್ಲೊಂದು ಸೂಕ್ಷ್ಮ ಇದೆ. 223ರ ಕೇಸನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಬೇಕಾದರೆ ಸಂಬಂಧಪಟ್ಟ ಅಧಿಕಾರಿ ಅಥವಾ ಅವರ ಮೇಲಿನವರು ಲಿಖಿತ ದೂರು ಕೊಟ್ಟಿರಬೇಕು, ಬರೀ ಪೊಲೀಸ್ ಎಫ್‌ಐಆರ್ ಸಾಲದು. ವಕೀಲರ ಹತ್ತಿರ ಹೋದಾಗ ಇದನ್ನು ಮೊದಲು ಕೇಳಿ.

ಸಂಜೆವರೆಗೆ ಪೊಲೀಸರ ಡಿಎಆರ್ ಮೈದಾನದಲ್ಲೋ ಕಲ್ಯಾಣ ಮಂಟಪದಲ್ಲೋ ಕೂರಿಸಿ ಉಪ್ಪಿಟ್ಟು ಕೊಟ್ಟು ಬಿಡುತ್ತಾರಲ್ಲ, ಅದಕ್ಕೂ ಕಲಂ ಇದೆ. ಸುರಕ್ಷಾ ಸಂಹಿತೆಯ 170ರಲ್ಲಿ ಮುಂಜಾಗ್ರತೆ ಬಂಧನ, 24 ತಾಸಿನ ಮಿತಿ. 172 ಹೊಸದು, ಪೊಲೀಸರ ಕಾನೂನುಬದ್ಧ ಸೂಚನೆ ಪಾಲಿಸದವರನ್ನು ಹಿಡಿದು ಇಡಬಹುದು, ಸಣ್ಣ ವಿಷಯವಾದರೆ 24 ತಾಸಿನೊಳಗೆ ಬಿಡಬೇಕು. ಇನ್ನೊಂದು ಹೊಸದು ನ್ಯಾಯ ಸಂಹಿತೆಯ 226. ಸರ್ಕಾರಿ ನೌಕರನನ್ನು ಒತ್ತಾಯಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಶಿಕ್ಷೆ, ದಂಡ ಅಥವಾ ಸಮುದಾಯ ಸೇವೆ. ಆಮರಣಾಂತ ಉಪವಾಸದ ಬ್ಯಾನರ್ ಬರೆಸುವ ಮೊದಲು ಇದನ್ನು ಒಮ್ಮೆ ಯೋಚಿಸಿ. ನಮ್ಮವರು ಆ ಪದವನ್ನು ತುಂಬಾ ಹಗುರವಾಗಿ ಬಳಸುತ್ತಾರೆ.

ಕೇಸ್ ಸಣ್ಣದು, ಅಲೆದಾಟ ದೊಡ್ಡದು. ಪೇಶಿಗೆ ಹೋಗದಿದ್ದರೆ ವಾರಂಟ್. ಪಾಸ್‌ಪೋರ್ಟ್ ವೆರಿಫಿಕೇಷನ್‌ಗೆ ಬಂದಾಗ ಹಳೇ ಎಫ್‌ಐಆರ್ ಎದ್ದು ಕೂರುತ್ತದೆ. ವೇದಿಕೆ ಮೇಲೆ ಮುಖಂಡರು “ಕೇಸ್ ವಾಪಸ್ ತಗೊಳ್ತೇವೆ, ಹೆದರಬೇಡಿ” ಅನ್ನುತ್ತಾರೆ. ಅದು ಅವರ ಕೈಯಲ್ಲಿ ಪೂರ್ತಿ ಇಲ್ಲ. ಸರ್ಕಾರಿ ಅಭಿಯೋಜಕರು ಸ್ವತಃ ಯೋಚಿಸಿ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಹಿಂದಿನ ಹುಬ್ಬಳ್ಳಿ ಗಲಭೆಯೂ ಸೇರಿ 43 ಕೇಸು ವಾಪಸ್ ಪಡೆಯಲು ಸರ್ಕಾರ ಹೊರಡಿಸಿದ್ದ ಆದೇಶವನ್ನು ಹೈಕೋರ್ಟ್ 2025ರ ಮೇ ತಿಂಗಳಲ್ಲಿ ರದ್ದು ಮಾಡಿತು.

ಮೈಕಿನ ವಿಷಯ ಬೇಗ ಮುಗಿಸುತ್ತೇನೆ. ಅದಕ್ಕೆ ಬೇರೆಯೇ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಇಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಎಷ್ಟೋ ಊರಲ್ಲಿ ಸರ್ಕಾರಿ ಕಚೇರಿ, ಕೋರ್ಟು ಒಂದೇ ಆವರಣದಲ್ಲಿವೆ, ಹಾಗಾಗಿ ಧರಣಿ ಮಾಡಿ, ಮೈಕ್ ಮಾತ್ರ ಬೇಡ ಅನ್ನಲು ಇದೊಂದು ಸರಿಯಾದ ಕಾರಣ. ಒಪ್ಪಿಕೊಳ್ಳಿ, ಗಂಟಲು ಇದೆಯಲ್ಲ.

ಮುಂದೆ ಬರುವುದರ ಮೇಲೂ ಒಂದು ಕಣ್ಣಿಡಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದರ ನಂತರ ಸರ್ಕಾರ ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣ ಮಸೂದೆ ತಂದಿತು, ಸದನ ಅದನ್ನು ಸಮಿತಿಗೆ ಒಪ್ಪಿಸಿತು. ಆಯೋಜಕರು 10 ದಿನ ಮೊದಲು ಅರ್ಜಿ ಹಾಕಬೇಕು ಅನ್ನುವುದು ಅದರಲ್ಲಿತ್ತು, ರಾಜಕೀಯ ರ‍್ಯಾಲಿಗಳೂ ಅದರ ವ್ಯಾಪ್ತಿಯಲ್ಲಿದ್ದವು. ಕ್ರಿಕೆಟ್ ಸಂಭ್ರಮಕ್ಕೆ, ದೊಡ್ಡ ಸಮಾವೇಶಕ್ಕೆ ಇದು ಬೇಕು. ಆದರೆ ಭತ್ತ ಹಾಲು ತುಂಬುವ ಹೊತ್ತಿಗೆ ಕಾಲುವೆ ನೀರು ನಿಂತ ರೈತನಿಗೆ 10 ದಿನ ಅಂದರೇನು? ಅನುಮತಿ ಬರುವುದರೊಳಗೆ ಪೈರು ಒಣಗಿರುತ್ತದೆ. ಸಂಭ್ರಮಕ್ಕೆ ಸೇರುವ ಜನವೂ, ಸಂಕಟಕ್ಕೆ ಸೇರುವ ಜನವೂ ಕಾನೂನಿನ ಕಣ್ಣಿಗೆ ಬರೀ ‘ಜನಸಂದಣಿ’ ಆಗಬಾರದು.

ನಮ್ಮ ಓಣಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಆ ರಾತ್ರಿ ಫೋನ್ ಬಂದ ಮೇಲೆ ನಾವು ಧರಣಿ ಎರಡು ದಿನ ಮುಂದೆ ಹಾಕಿದೆವು. ಹೊಸದಾಗಿ ಅರ್ಜಿ ಬರೆದೆ. ದಿನ, ಸಮಯ ಬೆಳಗ್ಗೆ 10ರಿಂದ 1, ಜಾಗ ಗೇಟಿನ ಎಡಕ್ಕೆ ಬೇವಿನ ಗಿಡದ ಕೆಳಗೆ, ಜನ ಸುಮಾರು 40, ಮೈಕ್ ಇಲ್ಲ, ರಸ್ತೆಗೆ ಅಡ್ಡಿ ಇಲ್ಲ, ಜವಾಬ್ದಾರಿ ತಗೊಳ್ಳುವ ಮೂವರ ಹೆಸರು, ಫೋನ್ ನಂಬರ್. ಕೊನೆಗೊಂದು ಸಾಲು ಸೇರಿಸಿದೆ: ಅನುಮತಿ ನಿರಾಕರಿಸುವುದಾದರೆ ದಯವಿಟ್ಟು ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಒಂದು ಪ್ರತಿ ಠಾಣೆಗೆ, ಒಂದು ತಹಶೀಲ್ದಾರರಿಗೆ, ಒಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಎಸ್‌ಪಿ ಕಚೇರಿಗೆ. ಠಾಣೆಯಲ್ಲಿ ಸೀಲು ಬೀಳುವವರೆಗೆ ನಾನು ಎದ್ದೇಳಲಿಲ್ಲ. ದೊಡ್ಡಮ್ಮನೂ ಪಕ್ಕದಲ್ಲೇ ಕೂತಿದ್ದರು, ಎಲೆ ಅಡಿಕೆ ಹಾಕಿಕೊಂಡು. ನಲವತ್ತು ನಿಮಿಷ ಆಯಿತು.

ಉತ್ತರ ಬರಲಿಲ್ಲ. ಬೇಡ ಅನ್ನುವ ಫೋನೂ ಬರಲಿಲ್ಲ. ನಾವು ಹೇಳಿದ ದಿನ ಹೇಳಿದ ಹೊತ್ತಿಗೆ ಬೇವಿನ ಗಿಡದ ಕೆಳಗೆ ಕೂತೆವು. ಇಬ್ಬರು ಪೇದೆಗಳು ಬಂದು, ನಮ್ಮ ಪಕ್ಕದಲ್ಲೇ ನೆರಳಿಗೆ ಕುರ್ಚಿ ಹಾಕಿಕೊಂಡರು. ಒಂದು ಗಂಟೆಗೆ ಎದ್ದೆವು. ಆ ವಾರ ಟ್ಯಾಂಕರ್ ಬಂತು, ನಲ್ಲಿ ಇನ್ನೂ ವಾರಕ್ಕೊಮ್ಮೆಯೇ. ಮುಂದಿನ ಅರ್ಜಿಗೆ ದೊಡ್ಡಮ್ಮ ಈಗಲೇ ಕೇಳುತ್ತಿದ್ದಾರೆ, “ಆ ಸೀಲ್ ಹಾಕಿದ ಕಾಗದ ಜೋಪಾನ ಇಟ್ಟೀಯಿಲ್ಲಪ್ಪ?” ಇಟ್ಟಿದ್ದೇನೆ, ಝೆರಾಕ್ಸ್ ಎರಡು ಮಾಡಿಸಿ.